ಮೊದಲು ಗಾಳಿ ಕೊಳ್ಳಿ

ಪ್ಲಾಸ್ಮಾ ಕಟರ್‌ನ ರಟ್ಟಿನ ಪೆಟ್ಟಿಗೆಯ ಮೇಲೆ ಎಲ್ಲಕ್ಕಿಂತ ದೊಡ್ಡದಾಗಿ ಅಚ್ಚಾಗಿರುವುದು ಒಂದು ಅಂಕಿ: 12 ಎಂಎಂ. ಅಂಗಡಿಯವರ ಬಾಯಲ್ಲೂ ಅದೇ. ‘ಹನ್ನೆರಡು ಎಂಎಂ ಪ್ಲೇಟು ಆರಾಮಾಗಿ ಕಟ್ ಆಗುತ್ತೆ ಸಾರ್, ಮನೆ ಲೈನಲ್ಲೇ ಓಡುತ್ತೆ, ಕಣ್ಮುಚ್ಚಿಕೊಂಡು ತಗೊಂಡ್ಹೋಗಿ.’ ರಜೆಯ ದಿನ ಮನೆ ಹಿಂದಿನ ಶೆಡ್ಡಿನಲ್ಲಿ ಕಬ್ಬಿಣದ ಜೊತೆ ಗುದ್ದಾಡುವ ಹವ್ಯಾಸಿಗೆ ಇಷ್ಟು ಮಾತು ಸಾಕು. ತಂದು, 16 ಆಂಪಿಯರ್ ಪ್ಲಗ್ಗಿಗೆ ಸಿಕ್ಕಿಸಿ, ಬಣ್ಣ ಹೊಡೆಯಲು ಇಟ್ಟುಕೊಂಡಿದ್ದ ಪುಟ್ಟ ಕಂಪ್ರೆಸರ್ ಜೋಡಿಸಿ, ಟಾರ್ಚಿನ ಗುಂಡಿ ಒತ್ತುತ್ತಾನೆ. ಎಂಸಿಬಿ ಬೀಳುತ್ತದೆ. ಅದು ಬೀಳದಿದ್ದರೆ ಗಾಳಿ ಮುಗಿಯುತ್ತದೆ. ಗಾಳಿಯೂ ಸಾಕಾದರೆ ಅದರೊಳಗಿನ ನೀರು ನಾಝಲ್ಲನ್ನು ತಿಂದುಹಾಕುತ್ತದೆ. ಕೊನೆಗೆ ಬೈಸಿಕೊಳ್ಳುವುದು ಮಾತ್ರ ಯಂತ್ರ.

ಈ ಖರೀದಿಯಲ್ಲಿ ಕಟರ್‌ಗೆ ಮೂರನೇ ಸ್ಥಾನ ಎಂಬುದು ನನ್ನ ವಾದ. ಮೊದಲನೆಯದು ಗಾಳಿ, ಎರಡನೆಯದು ಕರೆಂಟು. ಇವೆರಡೂ ಸರಿಯಿದ್ದರೆ ಸಾಧಾರಣ ಯಂತ್ರವೂ ಮರ್ಯಾದೆಯಿಂದ ಕೆಲಸ ಮಾಡುತ್ತದೆ. ಇವೆರಡೂ ಕೆಟ್ಟಿದ್ದರೆ ಅಮೆರಿಕದಿಂದ ಬಂದ ಲಕ್ಷಾಂತರ ರೂಪಾಯಿಯ ಯಂತ್ರವೂ ಕೆಮ್ಮುತ್ತದೆ.

ಅದು ಯಾಕೆ ಎಂದು ತಿಳಿಯಲು ಯಂತ್ರದೊಳಗೆ ನಡೆಯುವುದನ್ನು ನೋಡಬೇಕು. ಟಾರ್ಚಿನ ತುದಿಯಲ್ಲಿ ತಾಮ್ರದ ಎಲೆಕ್ಟ್ರೋಡ್, ಅದರ ಎದುರಿಗೆ ಸುಮಾರು ಒಂದು ಮಿಲಿಮೀಟರ್ ತೂತಿನ ತಾಮ್ರದ ನಾಝಲ್. ನಡುವೆ ಸುಳಿಯುತ್ತ ಬರುವ ಗಾಳಿಯ ಮೂಲಕ ವಿದ್ಯುತ್ ಹಾಯುತ್ತದೆ. ಆಗ ಗಾಳಿಯ ಅಣುಗಳೇ ಒಡೆದು, ವಿದ್ಯುತ್ತನ್ನು ಒಯ್ಯಬಲ್ಲ ಪ್ಲಾಸ್ಮಾ ಆಗುತ್ತವೆ. ಆ ಸ್ಥಿತಿಗೆ ಅಮೆರಿಕದ ರಸಾಯನ ವಿಜ್ಞಾನಿ ಇರ್ವಿಂಗ್ ಲ್ಯಾಂಗ್ಮೂರ್ ಹೆಸರಿಟ್ಟದ್ದು 1928ರಲ್ಲಿ. ಕಬ್ಬಿಣ ಕರಗುವುದು ಸುಮಾರು 1,500 ಡಿಗ್ರಿಗೆ. ನಾಝಲ್ಲಿನ ಕಿರಿದಾದ ತೂತಿನಲ್ಲಿ ಹಿಂಡಿಸಿಕೊಂಡ ಈ ಆರ್ಕ್ 20,000 ಡಿಗ್ರಿ ಸೆಲ್ಸಿಯಸ್ ಮುಟ್ಟಬಲ್ಲದು. ಲೋಹ ಕರಗುತ್ತದೆ, ಅದೇ ಗಾಳಿ ಕರಗಿದ್ದನ್ನು ಕೆಳಕ್ಕೆ ಊದಿ ಒಗೆಯುತ್ತದೆ. ಅಂದರೆ ಇಲ್ಲಿ ಅಲಗೂ ಗಾಳಿಯೇ, ಪುಡಿ ಗುಡಿಸುವ ಪೊರಕೆಯೂ ಗಾಳಿಯೇ.

ಯೂನಿಯನ್ ಕಾರ್ಬೈಡ್ ಕಂಪನಿಯ ಲಿಂಡೆ ವಿಭಾಗದಲ್ಲಿದ್ದ ರಾಬರ್ಟ್ ಗೇಜ್ 1950ರ ದಶಕದಲ್ಲಿ ಟಿಗ್ ವೆಲ್ಡಿಂಗ್ ಟಾರ್ಚಿನ ಬಾಯನ್ನು ಕಿರಿದು ಮಾಡಿ ನೋಡಿದ. ಬೆಸೆಯುವ ಆರ್ಕ್ ಕತ್ತರಿಸತೊಡಗಿತು. ಆತನ ಪೇಟೆಂಟ್ 1957ರದ್ದು. ಮೊದಮೊದಲು ಆರ್ಗಾನ್, ಹೈಡ್ರೋಜನ್, ನೈಟ್ರೋಜನ್‌ಗಳಂಥ ದುಬಾರಿ ಅನಿಲ ಬೇಕಿತ್ತು. ಸಾಮಾನ್ಯ ಗಾಳಿ ಬಳಸಹೋದರೆ ಅದರ ಆಮ್ಲಜನಕ ಟಂಗ್‌ಸ್ಟನ್ ಎಲೆಕ್ಟ್ರೋಡನ್ನು ಸುಟ್ಟು ತಿನ್ನುತ್ತಿತ್ತು. ಆ ಬಿಸಿಯಲ್ಲಿ ಆಮ್ಲಜನಕಕ್ಕೆ ಒಂದಷ್ಟು ಹೊತ್ತು ಎದುರು ನಿಲ್ಲಬಲ್ಲ ಹ್ಯಾಫ್ನಿಯಂನ ಚಿಕ್ಕ ಮೊಳೆಯನ್ನು ತಾಮ್ರದೊಳಗೆ ಕೂರಿಸಿದ ಮೇಲೆ ಗಾಳಿಯಿಂದ ಕತ್ತರಿಸುವುದು ನಿತ್ಯದ ಕೆಲಸವಾಯಿತು. ಇವತ್ತು ನೀವು ಕೊಳ್ಳುವ ಎಲೆಕ್ಟ್ರೋಡಿನ ತುದಿಯಲ್ಲಿ ಸಾಸಿವೆ ಗಾತ್ರದ ಬೂದು ಚುಕ್ಕೆ ಕಾಣುತ್ತದಲ್ಲ, ಅದೇ ಹ್ಯಾಫ್ನಿಯಂ. ಇಡೀ ಯಂತ್ರದ ಆಯುಷ್ಯದ ಲೆಕ್ಕವೆಲ್ಲ ಆ ಚುಕ್ಕೆಯಲ್ಲಿದೆ.

ಸರಿ, ಗಾಳಿಯ ಲೆಕ್ಕ ಹಾಕೋಣ. 40 ಆಂಪಿಯರ್ ಟಾರ್ಚಿಗೆ ಸುಮಾರು 5 ಬಾರ್ ಒತ್ತಡದಲ್ಲಿ ನಿಮಿಷಕ್ಕೆ 120 ಲೀಟರ್ ಆಸುಪಾಸು ಗಾಳಿ ಬೇಕು; ಕಂಪ್ರೆಸರ್ ಅಂಗಡಿಯ ಭಾಷೆಯಲ್ಲಿ ನಾಲ್ಕೂಕಾಲು ಸಿಎಫ್‌ಎಂ. ಆನ್‌ಲೈನಿನಲ್ಲಿ ಹೆಚ್ಚು ಮಾರಾಟವಾಗುವ 50 ಲೀಟರ್ ಟ್ಯಾಂಕಿನ ಕಂಪ್ರೆಸರ್ 8 ಬಾರ್‌ವರೆಗೆ ತುಂಬುತ್ತದೆ. ಅದು 8ರಿಂದ 5ಕ್ಕೆ ಇಳಿಯುವಷ್ಟರಲ್ಲಿ ನಿಮಗೆ ಸಿಗುವ ಗಾಳಿ 50ನ್ನು 3ರಿಂದ ಗುಣಿಸಿದಷ್ಟು, ಅಂದರೆ 150 ಲೀಟರ್. ಒಂದೂಕಾಲು ನಿಮಿಷದ ಗಾಳಿ! ಮೋಟಾರು ಜೊತೆಜೊತೆಗೆ ತುಂಬುತ್ತಿರುತ್ತದೆ, ನಿಜ. ಆದರೆ ಕ್ಯಾಟಲಾಗಿನಲ್ಲಿ ಬರೆದ ಸಿಎಫ್‌ಎಂ ಬಹುತೇಕ ಪಿಸ್ಟನ್ ತಳ್ಳುವ ಲೆಕ್ಕ. ಪೈಪಿನಿಂದ ನಿಜಕ್ಕೂ ಹೊರಬರುವುದು ಸಣ್ಣ ಕಂಪ್ರೆಸರ್‌ಗಳಲ್ಲಿ ಅದರ ಮೂರನೇ ಎರಡು ಭಾಗವಿದ್ದರೆ ಪುಣ್ಯ. ಹೀಗೆ ನಿಜಕ್ಕೂ ಹೊರಬರುವ ಗಾಳಿಯ ಲೆಕ್ಕಕ್ಕೆ ಎಫ್‌ಎಡಿ ಎನ್ನುತ್ತಾರೆ. ಕೇಳಬೇಕಾದದ್ದು ‘ಎಫ್‌ಎಡಿ ಎಷ್ಟು?’ ಎಂಬ ಒಂದೇ ಪ್ರಶ್ನೆ. ಉತ್ತರ ಗೊತ್ತಿಲ್ಲದ ಅಂಗಡಿಯಿಂದ ಎದ್ದು ಬರುವುದು ಲೇಸು. ಟಾರ್ಚ್ ಕೇಳುವುದರ ಒಂದೂವರೆ ಪಟ್ಟು ಎಫ್‌ಎಡಿ ಇರುವ, ಬೆಲ್ಟಿನಿಂದ ಓಡುವ 2 ಎಚ್‌ಪಿಯ, ನೂರು ಲೀಟರಿಗೆ ಕಡಿಮೆಯಿಲ್ಲದ ಟ್ಯಾಂಕಿನ ಕಂಪ್ರೆಸರ್ ನನ್ನ ಆಯ್ಕೆ. ಅಂಥವನ್ನು ಗುಜರಿಗೆ ಹೋಗುವ ಮೊದಲು ಪಂಕ್ಚರ್ ಅಂಗಡಿಗಳವರು ಮಾರುತ್ತಾರೆ. ಟ್ಯಾಂಕಿನ ತಳ ತುಕ್ಕು ಹಿಡಿದು ತೆಳ್ಳಗಾಗಿಲ್ಲ ಎಂದು ಖಾತ್ರಿಯಾದರೆ ಮಾತ್ರ ಹಳೆಯದನ್ನು ಮುಟ್ಟಿ. ಒತ್ತಡದ ಟ್ಯಾಂಕು ಸಿಡಿದರೆ ಬಾಂಬೇ.

ಗಾಳಿಯ ಪ್ರಮಾಣಕ್ಕಿಂತ ಕಾಡುವುದು ಅದರ ತೇವ. ಮಂಗಳೂರಿನ ಜುಲೈ ತಿಂಗಳು ಅಂದುಕೊಳ್ಳಿ: 27 ಡಿಗ್ರಿ ಉಷ್ಣಾಂಶ, ಶೇ 90 ಆರ್ದ್ರತೆ. ಒಂದು ಘನ ಮೀಟರ್ ಗಾಳಿಯಲ್ಲಿ ಸುಮಾರು 23 ಗ್ರಾಂ ನೀರಾವಿ ಇರುತ್ತದೆ. ಗಾಳಿಯನ್ನು ಹಿಂಡಿ ಒಂಬತ್ತನೇ ಒಂದು ಭಾಗಕ್ಕೆ ಇಳಿಸಿದಾಗ ಅಷ್ಟು ಆವಿಗೆ ಒಳಗೆ ಜಾಗವಿಲ್ಲ. ಹೆಚ್ಚಿನ ಪಾಲು ನೀರಾಗಿ ಇಳಿಯುತ್ತದೆ. ಒಟ್ಟು ಒಂದು ಗಂಟೆ ಟಾರ್ಚ್ ಉರಿಸಿದರೆ 7 ಘನ ಮೀಟರಿಗೂ ಹೆಚ್ಚು ಗಾಳಿ ಖರ್ಚು. ಅಷ್ಟರಿಂದ ಬಸಿಯುವ ನೀರು 125 ಮಿಲಿಲೀಟರ್ ಹತ್ತಿರ ಹತ್ತಿರ. ಅದೆಲ್ಲ ಟ್ಯಾಂಕಿನ ತಳದಲ್ಲೇ ಉಳಿದರೆ ಕೆಳಗಿನ ಕಾಕ್ ತಿರುಗಿಸಿ ಚೆಲ್ಲಬಹುದಿತ್ತು. ಆದರೆ ಕಂಪ್ರೆಸರ್ ಬಿಸಿಯಾದಷ್ಟೂ ಗಾಳಿ ಆವಿಯನ್ನು ಹೊತ್ತುಕೊಂಡೇ ಹೊರಡುತ್ತದೆ. ಪೈಪಿನಲ್ಲಿ ತಣ್ಣಗಾಗುತ್ತ, ಟಾರ್ಚಿನ ಹತ್ತಿರ ಬಂದು ಹನಿಯುತ್ತದೆ. ಅಲ್ಲಿ ಆ ಹನಿ ಆರ್ಕ್‌ಗೆ ಸಿಕ್ಕಿ ಚಟಪಟ ಸಿಡಿದು ನಾಝಲ್ಲಿನ ದುಂಡು ತೂತನ್ನು ಮೊಟ್ಟೆಯಾಕಾರ ಮಾಡುತ್ತದೆ, ಹ್ಯಾಫ್ನಿಯಂ ಚುಕ್ಕೆಯಲ್ಲಿ ಕುಳಿ ತೋಡುತ್ತದೆ. ಕಟ್ ಓರೆಯಾಗುತ್ತದೆ. ನಾವು ಕೈ ನಡುಗಿತು ಅಂದುಕೊಳ್ಳುತ್ತೇವೆ.

ಹಾಗಾಗಿ ಫಿಲ್ಟರನ್ನು ಕಂಪ್ರೆಸರಿನ ಮೂತಿಗೇ ಸಿಕ್ಕಿಸಿ ಪ್ರಯೋಜನವಿಲ್ಲ. ಗಾಳಿ ತಣಿಯಲಿಕ್ಕೆ ದಾರಿ ಬೇಕು. ಗೋಡೆಗುಂಟ ಐದಾರು ಮೀಟರ್ ಜಿಐ ಪೈಪನ್ನು ಮೇಲೆ ಕೆಳಗೆ ಓಡಿಸಿ, ತಗ್ಗಿನಲ್ಲೆಲ್ಲ ನೀರು ಬಿಡುವ ಒಂದೊಂದು ಕಾಕ್ ಇಟ್ಟು, ಆ ಕೊನೆಯಲ್ಲಿ ವಾಟರ್ ಸೆಪರೇಟರ್, ಅದರ ಮುಂದೆ ಸಿಲಿಕಾ ಜೆಲ್ ತುಂಬಿದ ಡ್ರೈಯರ್. ಸಿಲಿಕಾ ಜೆಲ್ಲಿನ ಬಣ್ಣ ಬದಲಾದಾಗ ತಟ್ಟೆಯಲ್ಲಿ ಹರಡಿ ಬಿಸಿ ಮಾಡಿದರೆ ಮತ್ತೆ ಬಳಕೆಗೆ ಬರುತ್ತದೆ. ಅಡುಗೆಮನೆಯ ಪಾತ್ರೆ ಮಾತ್ರ ಬೇಡ. ಪಿವಿಸಿ ಪೈಪನ್ನು ಒತ್ತಡದ ಗಾಳಿಗೆ ಬಳಸುವವರಿದ್ದಾರೆ. ಒಡೆದರೆ ಚೂರು ಚೂರಾಗಿ ಹಾರುವ ವಸ್ತು ಅದು, ದಯವಿಟ್ಟು ಬೇಡ. ಬೀದರ್, ರಾಯಚೂರಿನ ಬೇಸಿಗೆಯ ಒಣ ಹವೆಯಲ್ಲಿ ಬರೀ ಸೆಪರೇಟರ್ ಸಾಕಾದೀತು. ಕರಾವಳಿ, ಮಲೆನಾಡಿನವರು ಡ್ರೈಯರಿನ ಹಣವನ್ನು ಯಂತ್ರದ ಬೆಲೆಯಲ್ಲೇ ಸೇರಿಸಿಕೊಂಡು ಲೆಕ್ಕ ಹಾಕಬೇಕು.

ಕಂಪ್ರೆಸರ್ ಒಳಗೇ ಇರುವ ಕಟರ್‌ಗಳೂ ಬರುತ್ತವೆ. ತೆಳು ಶೀಟಿಗೆ, ಬೇರೆಯವರ ಮನೆಗೆ ಹೋಗಿ ಮಾಡುವ ಕೆಲಸಕ್ಕೆ ಚೆನ್ನ. ಶೆಡ್ಡಿನಲ್ಲೇ ಕೂತು ಕೆಲಸ ಮಾಡುವವರಿಗೆ ಪ್ರತ್ಯೇಕ ಕಂಪ್ರೆಸರೇ ಮೇಲು. ಕಟರ್ ಕೆಟ್ಟರೂ ಅದು ಬಣ್ಣಕ್ಕೆ, ದೂಳು ಹೊಡೆಯಲಿಕ್ಕೆ, ಬೈಕಿನ ಟೈರಿಗೆ ಉಳಿಯುತ್ತದೆ.

ಇನ್ನು ಕರೆಂಟು. 40 ಆಂಪಿಯರ್ ಎಂದು ಬರೆದಿರುವುದು ಟಾರ್ಚಿನಿಂದ ಹೊರಬರುವ ಪ್ರವಾಹ, ಗೋಡೆಯಿಂದ ಎಳೆಯುವುದಲ್ಲ. ಅಂತರರಾಷ್ಟ್ರೀಯ ಮಾನದಂಡದ ಲೆಕ್ಕದಂತೆ 40 ಆಂಪಿಯರಿಗೆ ಆರ್ಕ್ ವೋಲ್ಟೇಜು 96. ಗುಣಿಸಿದರೆ 3,840 ವ್ಯಾಟ್. ಯಂತ್ರದೊಳಗೆ ಬಿಸಿಯಾಗಿ ಸೋರುವುದನ್ನು ಸೇರಿಸಿದರೆ ನಾಲ್ಕೂವರೆ ಕಿಲೋವ್ಯಾಟ್. 230 ವೋಲ್ಟಿನಲ್ಲಿ ಇದು 20 ಆಂಪಿಯರ್. ಪವರ್ ಫ್ಯಾಕ್ಟರ್ ಸರಿಪಡಿಸುವ ವ್ಯವಸ್ಥೆ ಇಲ್ಲದ ಅಗ್ಗದ ಇನ್ವರ್ಟರ್ ಯಂತ್ರವಾದರೆ 28ರ ಹತ್ತಿರ. ಜೊತೆಗೆ ಕಂಪ್ರೆಸರ್ 9–10 ಆಂಪಿಯರ್, ಅದೂ ಶುರುವಾಗುವ ಗಳಿಗೆಯಲ್ಲಿ ಇನ್ನೂ ಹಲವು ಪಟ್ಟು. 16 ಆಂಪಿಯರ್ ಪ್ಲಗ್ಗು ಇದನ್ನೆಲ್ಲ ಎಲ್ಲಿ ತಡೆಯುತ್ತದೆ? ‘ಮನೆ ಲೈನಲ್ಲೇ ಓಡುತ್ತೆ’ ಎಂಬ ಮಾತು ಸುಳ್ಳಲ್ಲ, ಸಿಂಗಲ್ ಫೇಸ್ ಎಂಬಷ್ಟಕ್ಕೆ ನಿಜ. ಮೀಟರ್ ಬೋರ್ಡಿನಿಂದ ಪ್ರತ್ಯೇಕ 6 ಚದರ ಮಿಲಿಮೀಟರ್ ತಾಮ್ರದ ವೈರು, 32 ಆಂಪಿಯರಿನ ಸಿ-ಕರ್ವ್ ಎಂಸಿಬಿ, ಇಂಡಸ್ಟ್ರಿಯಲ್ ಸಾಕೆಟ್, ಸರಿಯಾದ ಅರ್ತಿಂಗ್ ಬೇಕು. ಕಂಪ್ರೆಸರಿಗೆ ಬೇರೆಯದೇ ಲೈನು. ಇದು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕೆಲಸ. ಕರೆಂಟು ಬಿಲ್ಲಿನಲ್ಲಿ ಮಂಜೂರಾದ ಲೋಡು ಎಷ್ಟೆಂದು ಬರೆದಿರುತ್ತದೆ. ಅದು 2 ಅಥವಾ 3 ಕಿಲೋವ್ಯಾಟ್ ಇದ್ದರೆ, ಯಂತ್ರದಂಗಡಿಗಿಂತ ಮೊದಲು ಬೆಸ್ಕಾಂ, ಹೆಸ್ಕಾಂ, ಮೆಸ್ಕಾಂ ಕಚೇರಿಯ ಮೆಟ್ಟಿಲು ಹತ್ತಬೇಕು.

ಅದು ಆಗದ ಮಾತು ಅನ್ನುವವರಿಗೆ 30 ಆಂಪಿಯರಿನ, ಪವರ್ ಫ್ಯಾಕ್ಟರ್ ಸರಿಪಡಿಸಿದ ಯಂತ್ರವಿದೆ. ಅದು ಎಳೆಯುವುದು 14 ಆಂಪಿಯರ್ ಸುತ್ತಮುತ್ತ. 16ರ ಪ್ಲಗ್ಗಿನಲ್ಲಿ ಹೇಗೋ ಹೊಂದಿಕೊಳ್ಳುತ್ತದೆ. ಬೆಲೆ ಮಾತ್ರ ಹೆಚ್ಚು. ಹಳ್ಳಿಯ ಲೈನಿನ ಕೊನೆಯ ಮನೆಯವರಿಗೂ ಅಂಥದ್ದೇ ಅನುಕೂಲ, ಯಾಕೆಂದರೆ ಸಂಜೆ ವೋಲ್ಟೇಜು 190ಕ್ಕೆ ಇಳಿದಾಗ ಸಾಧಾರಣ ಇನ್ವರ್ಟರ್ ಕೆಂಪು ದೀಪ ತೋರಿಸಿ ಕೂರುತ್ತದೆ.

ಈಗ ಯಂತ್ರಕ್ಕೆ ಬರೋಣ. ಹವ್ಯಾಸಿ ಕತ್ತರಿಸುವುದಾದರೂ ಏನನ್ನು? ಗೇಟಿಗೆ ಬೇಕಾದ ಬ್ರ್ಯಾಕೆಟ್ಟು, ಹಳೆ ಜೀಪಿನ ಕೊಳೆತ ಫ್ಲೋರ್, ಕುಂಡದ ಸ್ಟ್ಯಾಂಡು, ಹೆಸರಿನ ಫಲಕ. ಹದಿನಾರು ಗೇಜಿನ ಶೀಟು ಅಂದರೆ 1.6 ಮಿಲಿಮೀಟರ್. ಫ್ಲಾಟು, ಆ್ಯಂಗಲ್ಲು 3ರಿಂದ 6. ಅಪರೂಪಕ್ಕೊಂದು 10ರ ಬೇಸ್ ಪ್ಲೇಟು. ಇದಕ್ಕೆ 40 ಆಂಪಿಯರ್ ಧಾರಾಳ. ಪೆಟ್ಟಿಗೆಯ ಮೇಲಿನ ‘12 ಎಂಎಂ’ ಯಾವ 12 ಎಂದು ಕೇಳಬೇಕು. ಒಳ್ಳೆಯ ಕಂಪನಿಗಳು ಮೂರು ಅಂಕಿ ಕೊಡುತ್ತವೆ. ನಿಮಿಷಕ್ಕೆ 500 ಅಥವಾ 250 ಮಿಲಿಮೀಟರ್ ವೇಗದಲ್ಲಿ ಹಸನಾಗಿ ಕತ್ತರಿಸುವ ದಪ್ಪ ಒಂದು. 125ರ ಆಮೆವೇಗದಲ್ಲಿ ಹೇಗೋ ತುಂಡು ಮಾಡುವ ದಪ್ಪ ಇನ್ನೊಂದು. ಆ ಅಂಚನ್ನು ಗ್ರೈಂಡರಿನಿಂದ ಅರ್ಧ ಗಂಟೆ ಉಜ್ಜಬೇಕು. ಪ್ಲೇಟಿನ ನಡುವೆ ತೂತು ಕೊರೆದು ಶುರು ಮಾಡಬಲ್ಲ ದಪ್ಪ ಮೂರನೆಯದು, ಸಾಮಾನ್ಯವಾಗಿ ಹಸನಾದ ಕಟ್ಟಿನ ಅರ್ಧದಷ್ಟು. ಅಗ್ಗದ ಯಂತ್ರ ಒಂದೇ ಅಂಕಿ ಕೊಟ್ಟಿದ್ದರೆ ಅದು ಎರಡನೆಯದೆಂದು ತಿಳಿದು ಅರ್ಧ ಮಾಡಿಕೊಳ್ಳುವುದು ನನ್ನ ಪದ್ಧತಿ.

ಆರ್ಕ್ ಹೊತ್ತುವ ಬಗೆ ಅದಕ್ಕಿಂತ ಮುಖ್ಯ. ತೀರಾ ಕಡಿಮೆ ಬೆಲೆಯ ಕಟ್-40 ಯಂತ್ರಗಳಲ್ಲಿ ಪೈಲಟ್ ಆರ್ಕ್ ಇರುವುದಿಲ್ಲ. ನಾಝಲ್ ಲೋಹಕ್ಕೆ ತಾಗಿದರಷ್ಟೇ ಕಿಡಿ. ಹೊಸ ಹೊಳಪಿನ ಶೀಟಿಗೆ ಅದು ನಡೆಯುತ್ತದೆ, ಗುಜರಿಯಿಂದ ತಂದ ತುಕ್ಕು ಹಿಡಿದ, ಬಣ್ಣ ಮೆತ್ತಿದ ಪ್ಲೇಟಿಗೆ ನಡೆಯುವುದಿಲ್ಲ. ಹವ್ಯಾಸಿಗೆ ಸಿಗುವುದೆಲ್ಲ ಅಂಥದ್ದೇ! ಪೈಲಟ್ ಆರ್ಕ್ ಇದ್ದರೆ ಟಾರ್ಚಿನೊಳಗೇ ಸಣ್ಣ ಆರ್ಕ್ ಹೊತ್ತಿ, ಲೋಹ ಹತ್ತಿರ ಬಂದಾಗ ಅದಕ್ಕೆ ದಾಟಿಕೊಳ್ಳುತ್ತದೆ. ಜಾಲರಿ ಕತ್ತರಿಸುವಾಗ ಪ್ರತಿ ಕಂಬಿಗೂ ಮತ್ತೆ ಮತ್ತೆ ಕಿಡಿ ಹಚ್ಚುವ ಪಾಡು ತಪ್ಪುತ್ತದೆ. ಈ ಪೈಲಟ್‌ನಲ್ಲೂ ಎರಡು ಜಾತಿ. ಹೈ ಫ್ರೀಕ್ವೆನ್ಸಿಯ ಕಿಡಿಯಿಂದ ಹೊತ್ತುವುದು ಒಂದು. ಅದು ಸುತ್ತಲಿನ ವಿದ್ಯುನ್ಮಾನಕ್ಕೆಲ್ಲ ತೊಂದರೆ ಕೊಡುತ್ತದೆ. ಮುಂದೆಂದಾದರೂ ಸಿಎನ್‌ಸಿ ಮೇಜು ಕಟ್ಟುವ ಕನಸಿದ್ದರೆ ಕಂಪ್ಯೂಟರ್ ನಡುವೆ ತಲೆ ತಿರುಗಿ ನಿಂತುಬಿಡಬಹುದು. ಇನ್ನೊಂದು ಬ್ಲೋಬ್ಯಾಕ್: ಎಲೆಕ್ಟ್ರೋಡ್ ಮತ್ತು ನಾಝಲ್ ಮೊದಲು ಅಂಟಿಕೊಂಡಿದ್ದು, ಗಾಳಿಯ ಒತ್ತಡವೇ ಅವನ್ನು ಬಿಡಿಸಿ ಕಿಡಿ ಎಬ್ಬಿಸುತ್ತದೆ. ಕೈಯಲ್ಲಿ ಹಣವಿದ್ದರೆ ಇದನ್ನೇ ತೆಗೆದುಕೊಳ್ಳಿ. ಅಂಗಡಿಗೆ ಹೋಗುವಾಗ ತುಕ್ಕು ಹಿಡಿದ 6 ಮಿಲಿಮೀಟರ್ ಫ್ಲಾಟಿನ ತುಂಡೊಂದನ್ನು ಚೀಲದಲ್ಲಿ ಹಾಕಿಕೊಂಡು ಹೋಗಿ, ‘ಅಣ್ಣ, ಇದನ್ನೊಂಚೂರು ಕೊಯ್ದು ತೋರ್ಸಿ’ ಅನ್ನಬೇಕು. ಅವರ ಹಿಂದೆ ನಿಂತಿರುವ ಕಂಪ್ರೆಸರ್ ಎಷ್ಟು ಎಚ್‌ಪಿಯದು ಎಂದೂ ಒಮ್ಮೆ ಕಣ್ಣು ಹಾಯಿಸಬೇಕು.

ಡ್ಯೂಟಿ ಸೈಕಲ್ ಬಗ್ಗೆ ಬಹಳ ತಲೆ ಕೆಡಿಸಿಕೊಳ್ಳಬೇಕಿಲ್ಲ. 60 ಪರ್ಸೆಂಟ್ ಅಂದರೆ ಹತ್ತು ನಿಮಿಷದಲ್ಲಿ ಆರು ನಿಮಿಷ ಕಟಿಂಗ್, ನಾಲ್ಕು ನಿಮಿಷ ವಿಶ್ರಾಂತಿ. ಕೈಯಲ್ಲಿ ಹಿಡಿದು ಕೊಯ್ಯುವವರು ಎಡೆಬಿಡದೆ ಆರು ನಿಮಿಷ ಕೊಯ್ಯುವುದೇ ಇಲ್ಲ. ಆ ಅಂಕಿಯನ್ನು 40 ಡಿಗ್ರಿ ಹವೆಯಲ್ಲಿ ಅಳೆದರೇ, 25ರಲ್ಲಿ ಅಳೆದರೇ ಎಂಬುದನ್ನು ಕಲಬುರಗಿಯವರು ನೋಡಿಕೊಳ್ಳಬೇಕು, ಅಷ್ಟೆ.

ಎಲೆಕ್ಟ್ರೋಡ್, ನಾಝಲ್ಲು, ಸುಳಿ ಕೊಡುವ ಉಂಗುರ, ಮೇಲಿನ ಕಪ್ ಇವೆಲ್ಲ ಸವೆದು ಹೋಗುವ ಸಾಮಾನು. ಯಂತ್ರದ ಮೇಲೆ ಯಾರ ಹೆಸರಿದೆ ಎನ್ನುವುದಕ್ಕಿಂತ ಟಾರ್ಚ್ ಯಾವ ಮಾದರಿಯದು ಎನ್ನುವುದು ಹೆಚ್ಚು ಮುಖ್ಯವಾಗುವುದು ಇಲ್ಲಿ. ಪಿಟಿ-31, ಪಿ-80 ಮಾದರಿಯ ಸಾಮಾನು ವೆಲ್ಡಿಂಗ್ ಸಾಮಗ್ರಿಯ ಅಂಗಡಿಗಳಲ್ಲಿ ಕೇಳಿದರೆ ಗೊತ್ತಾಗುತ್ತದೆ. ಹೆಸರೇ ಕೇಳದ ಟಾರ್ಚಾದರೆ ಎರಡು ವರ್ಷದ ಮೇಲೆ ಯಂತ್ರ ಚೆನ್ನಾಗಿದ್ದೂ ಮೂಲೆ ಸೇರುತ್ತದೆ. ಎಲೆಕ್ಟ್ರೋಡಿನ ಕುಳಿ ಒಂದೂವರೆ ಮಿಲಿಮೀಟರ್ ಆಳವಾದರೆ ಬದಲಿಸಿ. ಜಿಪುಣತನ ಮಾಡಿದರೆ ಅದು ನಾಝಲ್ಲನ್ನೂ, ಕೆಲವೊಮ್ಮೆ ಟಾರ್ಚಿನ ತಲೆಯನ್ನೂ ಜೊತೆಗೆ ಕರೆದುಕೊಂಡು ಹೋಗುತ್ತದೆ. ಪ್ರತಿ ಬಾರಿ ಕಿಡಿ ಹೊತ್ತುವಾಗಲೂ ಹ್ಯಾಫ್ನಿಯಂ ಸವೆಯುವುದರಿಂದ ಸುಮ್ಮನೆ ಗಾಳಿಯಲ್ಲಿ ಗುಂಡಿ ಒತ್ತಿ ಮಕ್ಕಳಿಗೆ ತೋರಿಸುವ ಆಟವೂ ದುಬಾರಿಯೇ.

ಇಷ್ಟೆಲ್ಲ ಓದಿದ ಮೇಲೆ, ಬೇಕೇ ಈ ಯಂತ್ರ ಎಂದು ಕೇಳಿಕೊಂಡರೆ ತಪ್ಪೇನಿಲ್ಲ. ವರ್ಷಕ್ಕೊಂದು ಗೇಟು ಮಾಡುವವರಿಗೆ ನಾಲ್ಕು ಇಂಚಿನ ಗ್ರೈಂಡರು, ಒಂದು ಡಬ್ಬಿ ಕಟಿಂಗ್ ವೀಲು ಸಾಕು. ಒಂದೇ ನಮೂನೆಯ ಇಪ್ಪತ್ತು ಬ್ರ್ಯಾಕೆಟ್ಟು ಬೇಕಿದ್ದರೆ ಬೆಂಗಳೂರಿನ ಪೀಣ್ಯ, ಹುಬ್ಬಳ್ಳಿಯ ಗೋಕುಲ ರಸ್ತೆ, ಬೆಳಗಾವಿಯ ಉದ್ಯಮಬಾಗದಂಥ ಕಡೆ ಲೇಸರ್ ಜಾಬ್‌ವರ್ಕ್ ಮಾಡುವವರನ್ನು ಹುಡುಕಿ. ಡ್ರಾಯಿಂಗ್ ಫೈಲು ಕೊಟ್ಟರೆ ನಮ್ಮ ಕೈಗೆ ಎಂದೂ ಬಾರದ ನಯದಲ್ಲಿ ಕತ್ತರಿಸಿ ಕೊಡುತ್ತಾರೆ. ದಪ್ಪ ಕಬ್ಬಿಣಕ್ಕೆ ಗ್ಯಾಸ್ ಕಟಿಂಗ್ ಇನ್ನೂ ರಾಜ. ಆದರೆ ಗ್ಯಾಸ್ ಕಟಿಂಗ್‌ನಲ್ಲಿ ಕಬ್ಬಿಣ ಆಮ್ಲಜನಕದಲ್ಲಿ ಉರಿದು ಕತ್ತರಿಸಿಕೊಳ್ಳುತ್ತದೆ. ಅಲ್ಯೂಮಿನಿಯಂ ಕರಗುವುದು 660 ಡಿಗ್ರಿಗೆ, ಅದರ ಮೇಲಿನ ಆಕ್ಸೈಡ್ ಪೊರೆ ಕರಗುವುದು 2,000 ದಾಟಿದ ಮೇಲೆ. ಸ್ಟೇನ್‌ಲೆಸ್ ಸ್ಟೀಲಿನ ಕ್ರೋಮಿಯಂ ಪೊರೆಯದೂ ಅದೇ ಕಥೆ. ಅಲ್ಲಿ ಗ್ಯಾಸ್ ಸೋಲುತ್ತದೆ. ವಿದ್ಯುತ್ ಹಾಯುವ ಲೋಹ ಯಾವುದಾದರೂ ಪ್ಲಾಸ್ಮಾಕ್ಕೆ ಒಂದೇ. ತೆಳು ಶೀಟಿನಲ್ಲಿ ವಕ್ರ ಗೆರೆ, ಹೂಬಳ್ಳಿ, ಅಕ್ಷರ ಕೊಯ್ಯಬೇಕೆನ್ನುವವರಿಗೆ, ಸ್ಟೇನ್‌ಲೆಸ್ಸು ಅಲ್ಯೂಮಿನಿಯಂ ಮುಟ್ಟುವವರಿಗೆ, ವಾರಕ್ಕೊಮ್ಮೆಯಾದರೂ ಶೆಡ್ಡಿನ ಬಾಗಿಲು ತೆರೆಯುವವರಿಗೆ ಈ ಯಂತ್ರ. ಒಂದು ಸಣ್ಣ ಕೊಸರು: ಗಾಳಿಯಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ನೈಟ್ರೋಜನ್ ಇರುವುದರಿಂದ ಕತ್ತರಿಸಿದ ಅಂಚು ಅದನ್ನು ಹೀರಿಕೊಂಡು ಗಡುಸಾಗುತ್ತದೆ. ವೆಲ್ಡ್ ಮಾಡುವ ಮುನ್ನ ಅಂಚನ್ನು ಉಜ್ಜದಿದ್ದರೆ ಬೆಸುಗೆಯಲ್ಲಿ ಗುಳ್ಳೆ ಏಳುತ್ತದೆ.

ಅಪಾಯದ ಮಾತನ್ನು ಪ್ರತ್ಯೇಕವಾಗಿ ಹೇಳಲೇಬೇಕು, ಯಾಕೆಂದರೆ ಮಾರುವವರು ಹೇಳುವುದಿಲ್ಲ. ಸಾಧಾರಣ ವೆಲ್ಡಿಂಗ್ ಯಂತ್ರದ ತೆರೆದ ವೋಲ್ಟೇಜು 60–80. ಇದರದ್ದು 200 ಮೀರುತ್ತದೆ, ಕೆಲವಲ್ಲಿ 300ರ ಹತ್ತಿರ. ಬೆವರಿದ ಕೈ, ಹವಾಯಿ ಚಪ್ಪಲಿ, ಒದ್ದೆ ನೆಲ ಮೂರೂ ಒಟ್ಟಿಗಿರುವ ಕಡೆ ಇದನ್ನು ಮುಟ್ಟಬೇಡಿ. ನಾಝಲ್ ಬದಲಿಸುವ ಮುನ್ನ ಸ್ವಿಚ್ಚು ಆರಿಸಿ. ಕಣ್ಣಿಗೆ 40 ಆಂಪಿಯರ್ ಒಳಗಾದರೆ 5ನೇ ನಂಬರಿನ ಕಪ್ಪು ಗಾಜು, 60ರ ತನಕ 6. ಗ್ಯಾಸ್ ಕಟಿಂಗ್ ಕನ್ನಡಕ ಸಾಮಾನ್ಯವಾಗಿ 5ನೇ ನಂಬರಿನದೇ. ವೆಲ್ಡಿಂಗ್ ಹೆಲ್ಮೆಟ್ ಹಾಕಿಕೊಂಡರೆ ಕೊಯ್ಯಬೇಕಾದ ಗೆರೆಯೇ ಕಾಣುವುದಿಲ್ಲ, ಅದಕ್ಕೇ ಜನ ಅದನ್ನು ಬಿಸಾಡಿ ಬರಿಗಣ್ಣಲ್ಲಿ ಕೊಯ್ದು ರಾತ್ರಿಯಿಡೀ ಕಣ್ಣುರಿಯಿಂದ ಒದ್ದಾಡುವುದು. ಜಿಐ ಶೀಟಿನ ಹೊಗೆಯಲ್ಲಿ ಸತು ಇರುತ್ತದೆ, ಸಂಜೆಗೆ ಚಳಿಜ್ವರ ಬರಿಸುತ್ತದೆ. ಸ್ಟೇನ್‌ಲೆಸ್ಸಿನ ಹೊಗೆಯ ಕ್ರೋಮಿಯಂ ಇನ್ನೂ ಕೆಟ್ಟದ್ದು, ಕ್ಯಾನ್ಸರ್ ತರುವಂಥದ್ದು. ಮೂಗಿಗೆ ಕರವಸ್ತ್ರ ಕಟ್ಟಿಕೊಂಡರೆ ಅದಕ್ಕೆ ಲೆಕ್ಕವೇ ಅಲ್ಲ. ಲೋಹದ ಹೊಗೆಗೆಂದೇ ಇರುವ ಮಾಸ್ಕ್ ಹಾಕಿ, ಶೆಡ್ಡಿನ ಎರಡೂ ಕಡೆ ತೆರೆದಿಡಿ. ಡೀಸೆಲ್, ಥಿನ್ನರ್ ತುಂಬಿದ್ದ ಡ್ರಮ್ಮನ್ನು, ಎಷ್ಟೇ ತೊಳೆದಿದ್ದರೂ, ಕೊಯ್ಯಬಾರದು.

ಯಂತ್ರ ಮನೆಗೆ ಬಂದ ಮೇಲೆ ಗೇಟಿಗೇ ಕೈ ಹಾಕದೆ ಕೆಲವು ದಿನ ಗುಜರಿ ತುಂಡುಗಳನ್ನು ಪಟ್ಟಿ ಪಟ್ಟಿಯಾಗಿ ಕೊಯ್ಯಿರಿ. ಕಿಡಿಗಳು ಪ್ಲೇಟಿನ ಕೆಳಗಿನಿಂದ ನೀವು ಸಾಗುವ ದಿಕ್ಕಿಗೆ ಹಿಂದಕ್ಕೆ ಸ್ವಲ್ಪ ಓರೆಯಾಗಿ ಬೀಳುತ್ತಿದ್ದರೆ ವೇಗ ಸರಿ. ನೆಟ್ಟಗೆ ಬಿದ್ದು ಅಡಿಯಲ್ಲಿ ದಪ್ಪ ಗಸಿ ಅಂಟಿದರೆ ನಿಧಾನವಾಯಿತು. ಮೇಲಕ್ಕೆ ಚಿಮ್ಮಿದರೆ ಅವಸರವಾಯಿತು, ಇಲ್ಲವೇ ಅರ್ತ್ ಕ್ಲ್ಯಾಂಪು ತುಕ್ಕಿನ ಮೇಲೆ ಕೂತಿದೆ. ನೇರ ಗೆರೆಗೆ ಒಂದು ಆ್ಯಂಗಲ್ಲನ್ನು ಕ್ಲ್ಯಾಂಪು ಮಾಡಿ ಟಾರ್ಚನ್ನು ಅದಕ್ಕೆ ಒರಗಿಸಿ ಎಳೆಯಬೇಕು. ಬರಿಗೈಯಲ್ಲಿ ಎಳೆದ ಗೆರೆ ನೇರ ಬರುವುದು ಕಷ್ಟ. ಗಾಳಿ ಟಾರ್ಚಿನೊಳಗೆ ಸುಳಿಯಾಗಿ ತಿರುಗುವುದರಿಂದ ಕಟ್ಟಿನ ಎರಡು ಅಂಚೂ ಒಂದೇ ತೆರನಾಗಿರುವುದಿಲ್ಲ. ಸಾಮಾನ್ಯ ಟಾರ್ಚುಗಳಲ್ಲಿ ನೀವು ಸಾಗುವ ದಿಕ್ಕಿನ ಬಲಗಡೆ ಅಂಚು ನೆಟ್ಟಗೆ, ಎಡಗಡೆಯದು ಓರೆ. ಬೇಕಾದ ತುಂಡು ಬಲಕ್ಕೆ, ಬಿಸಾಡುವುದು ಎಡಕ್ಕೆ ಬರುವಂತೆ ಎಳೆಯಿರಿ. ದುಂಡಗಿನ ಬಿಲ್ಲೆ ಬೇಕಿದ್ದರೆ ಗಡಿಯಾರದ ಮುಳ್ಳಿನಂತೆ, ಪ್ಲೇಟಿನಲ್ಲಿ ತೂತು ಬೇಕಿದ್ದರೆ ಅದಕ್ಕೆ ಎದುರಾಗಿ.